ಕ್ರಿಪ್ಟೋ ನಾಣ್ಯದ ಲಗಾಮು ವಿದ್ಯುತ್ ತಂತಿಯಲ್ಲಿದೆ

ಬಿಟ್‌ಕಾಯಿನ್ ಮೊದಲಾದ ಕ್ರಿಪ್ಟೋ ನಾಣ್ಯಗಳನ್ನು ಸರ್ಕಾರಗಳು ನಿಷೇಧಿಸಬಲ್ಲವೇ ಅಥವಾ ನಿಯಂತ್ರಣದಲ್ಲಿ ಇಡಬಲ್ಲವೇ ಎಂಬ ಚರ್ಚೆ ಪತ್ರಿಕೆಗಳ ವಾಣಿಜ್ಯ ಪುಟಗಳಲ್ಲಿ ವರ್ಷಗಳಿಂದ ನಡೆಯುತ್ತಲೇ ಇದೆ. ಅಡಿಕೆ, ಕಾಳುಮೆಣಸುಗಳ ಧಾರಣೆಯ ಚಿಂತೆಯಲ್ಲಿರುವ ಮಲೆನಾಡಿನ ರೈತನಿಗೆ ಇದು ತನಗೆ ಸಂಬಂಧಿಸದ ಸಂಗತಿ ಎನಿಸಿದರೆ ಆಶ್ಚರ್ಯವಿಲ್ಲ. ಪರಿಸರದ ಪತ್ರಿಕೆಯಲ್ಲಿ ಹಣಕಾಸಿನ ಈ ವಿಷಯಕ್ಕೆ ಏನು ಕೆಲಸ ಎಂದೂ ಕೆಲವರು ಕೇಳಬಹುದು. ಆದರೆ ಈ ನಾಣ್ಯವನ್ನು ಹುಟ್ಟಿಸುವ ಕ್ರಿಯೆಗೆ ಲೋಕರೂಢಿಯಲ್ಲಿರುವ ಹೆಸರು ಗಣಿಗಾರಿಕೆ. ಕುದುರೆಮುಖದ ಗಣಿ 2005ರ ಡಿಸೆಂಬರ್ 31ರಂದು ನಿಲ್ಲಬೇಕಾದರೆ ಸರ್ವೋಚ್ಚ ನ್ಯಾಯಾಲಯದವರೆಗೆ ಹೋಗಬೇಕಾಗಿ ಬಂದ ಸೀಮೆಯ ಜನ ಆ ಶಬ್ದ ಕೇಳಿದೊಡನೆ ಕಿವಿ ನಿಮಿರಿಸುವುದು ಸಹಜ. ಈ ಗಣಿಗಾರಿಕೆಯಲ್ಲಿ ಲಾರಿಗಳ ಸಾಲು ಕಾಣದು, ಕೆಂಪು ಕೆಸರು ಹೊಳೆಗೆ ಇಳಿಯದು. ಇಲ್ಲಿ ಕರಗುವುದು ವಿದ್ಯುತ್ತು. ಆ ವಿದ್ಯುತ್ತು ಎಲ್ಲಿಂದ ಬಂತೆಂದು ತಂತಿಯನ್ನು ಹಿಡಿದು ಹೊರಟರೆ ಹಾದಿ ಹಲವು ಸಲ ಬೆಟ್ಟದ ಸೀಮೆಯ ಯಾವುದೋ ಅಣೆಕಟ್ಟಿನ ಬುಡಕ್ಕೆ ತಂದು ನಿಲ್ಲಿಸುತ್ತದೆ.

ಮೊದಲು ಈ ನಾಣ್ಯದ ಒಳಗುಟ್ಟನ್ನು ಅರಿಯಬೇಕು. 2008ರ ಅಕ್ಟೋಬರ್ 31ರಂದು ಸತೋಶಿ ನಾಕಾಮೊಟೊ ಎಂಬ ಗುಪ್ತನಾಮದ ವ್ಯಕ್ತಿ, ಅಥವಾ ವ್ಯಕ್ತಿಗಳ ಗುಂಪು, ಒಂಬತ್ತು ಪುಟಗಳ ಪ್ರಬಂಧವೊಂದನ್ನು ಅಂತರಜಾಲದಲ್ಲಿ ಪ್ರಕಟಿಸಿತು. 2009ರ ಜನವರಿ 3ರಂದು ಬಿಟ್‌ಕಾಯಿನ್ ಚಾಲನೆಗೆ ಬಂತು. ಅಡಿಕೆ ಮಂಡಿಯ ಗುಮಾಸ್ತರು ಬರೆಯುವ ಕಿರ್ದಿ ಪುಸ್ತಕವನ್ನು ಇಲ್ಲಿ ನೆನೆಯಬಹುದು. ಯಾರಿಂದ ಯಾರಿಗೆ ಎಷ್ಟು ಸಂದಾಯವಾಯಿತು ಎಂಬ ವಿವರ ಅದರಲ್ಲಿರುತ್ತದೆ. ಮಂಡಿಯ ಕಿರ್ದಿಯನ್ನು ಜನ ನಂಬುವುದು ಮಂಡಿಯ ಯಜಮಾನರ ಮೇಲಿನ ವಿಶ್ವಾಸದಿಂದ. ರೂಪಾಯಿಯನ್ನು ನಂಬುವುದು ರಿಸರ್ವ್ ಬ್ಯಾಂಕಿನ ಮೇಲಿನ ವಿಶ್ವಾಸದಿಂದ. ಬಿಟ್‌ಕಾಯಿನ್ನಿಗೆ ಯಜಮಾನರಿಲ್ಲ. ಒಂದೇ ಕಿರ್ದಿಯ ಪ್ರತಿಗಳು ಜಗತ್ತಿನ ಸಾವಿರಾರು ಗಣಕಯಂತ್ರಗಳಲ್ಲಿ ಇರುತ್ತವೆ. ಸುಮಾರು ಹತ್ತು ನಿಮಿಷಕ್ಕೊಮ್ಮೆ ಅದಕ್ಕೆ ಹೊಸ ಪುಟವೊಂದು ಸೇರುತ್ತದೆ. ಆ ಪುಟವನ್ನು ಬರೆಯುವ ಹಕ್ಕು ಯಾರದೆಂದು ತೀರ್ಮಾನಿಸಲು ಯಂತ್ರಗಳ ನಡುವೆ ಸಂಖ್ಯೆಯೊಂದನ್ನು ಊಹಿಸುವ ಸ್ಪರ್ಧೆ ನಡೆಯುತ್ತದೆ. ಬುದ್ಧಿ ಬಳಸಿ ಬಿಡಿಸುವ ಲೆಕ್ಕವಲ್ಲ ಅದು. ಕುರುಡಾಗಿ ಕೋಟ್ಯನುಕೋಟಿ ಸಲ ಊಹಿಸುತ್ತಲೇ ಇರಬೇಕು. ಸರಿಯಾದ ಸಂಖ್ಯೆ ಮೊದಲು ಯಾರಿಗೆ ಸಿಕ್ಕಿತೋ ಅವರು ಪುಟ ಬರೆಯುತ್ತಾರೆ, ಹೊಸ ನಾಣ್ಯಗಳನ್ನು ಬಹುಮಾನವಾಗಿ ಪಡೆಯುತ್ತಾರೆ. ಆರಂಭದಲ್ಲಿ ಪುಟವೊಂದಕ್ಕೆ 50 ನಾಣ್ಯಗಳಿದ್ದ ಬಹುಮಾನ ಸುಮಾರು ನಾಲ್ಕು ವರ್ಷಕ್ಕೊಮ್ಮೆ ಅರ್ಧಕ್ಕೆ ಇಳಿಯುತ್ತ 2024ರ ಏಪ್ರಿಲ್‌ನಲ್ಲಿ 3.125 ಆಯಿತು. ಒಟ್ಟು ನಾಣ್ಯಗಳ ಸಂಖ್ಯೆ 2 ಕೋಟಿ 10 ಲಕ್ಷವನ್ನು ಮೀರುವಂತಿಲ್ಲ. ಗೆದ್ದವರ ವಿದ್ಯುತ್ತೂ ಸೋತವರ ವಿದ್ಯುತ್ತೂ ಶಾಖವಾಗಿ ಗಾಳಿಗೆ ಸೇರುತ್ತದೆ.

ಇಷ್ಟೇ ಆಗಿದ್ದರೆ ಯಂತ್ರಗಳು ಹೆಚ್ಚಿದಂತೆ ನಾಣ್ಯಗಳು ಬೇಗನೆ ಮುಗಿದು ಸ್ಪರ್ಧೆ ತಣ್ಣಗಾಗಬೇಕಿತ್ತು. ಆದರೆ ಪ್ರತಿ 2,016 ಪುಟಗಳಿಗೊಮ್ಮೆ, ಎಂದರೆ ಸುಮಾರು ಎರಡು ವಾರಕ್ಕೊಮ್ಮೆ, ಲೆಕ್ಕದ ಕಾಠಿಣ್ಯ ತಾನಾಗಿಯೇ ಬದಲಾಗುತ್ತದೆ. ಯಂತ್ರಬಲ ಇಮ್ಮಡಿಯಾದರೆ ಕಾಠಿಣ್ಯವೂ ಇಮ್ಮಡಿ. ಪುಟ ಮಾತ್ರ ಹತ್ತು ನಿಮಿಷಕ್ಕೆ ಒಂದೇ. ಬಯಲುಸೀಮೆಯ ಕೊಳವೆಬಾವಿಗಳ ಕಥೆ ಬಲ್ಲವರಿಗೆ ಇದು ಹೊಸದಲ್ಲ. ಒಬ್ಬ ರೈತ ಮುನ್ನೂರು ಅಡಿ ಕೊರೆಸಿದರೆ ಪಕ್ಕದವನು ಐನೂರು ಅಡಿ, ಅವನ ಪಕ್ಕದವನು ಎಂಟುನೂರು ಅಡಿ. ನೆಲದೊಳಗಿನ ನೀರು ಇದ್ದಷ್ಟೇ. ಹೆಚ್ಚಿದ್ದು ಆಳ, ಸಾಲ ಮತ್ತು ಕರೆಂಟಿನ ಖರ್ಚು. ಕೊಳವೆಬಾವಿಯ ಪೈಪೋಟಿಯಾದರೂ ನೀರು ಬತ್ತಿದಾಗ ನಿಲ್ಲುತ್ತದೆ. ಬಿಟ್‌ಕಾಯಿನ್ನಿನ ಪೈಪೋಟಿ ತಗ್ಗಬೇಕಾದರೆ ನಾಣ್ಯದ ಬೆಲೆ ಕುಸಿಯಬೇಕು, ಇಲ್ಲವೇ ಅಗ್ಗದ ವಿದ್ಯುತ್ತು ಸಿಗದಂತಾಗಬೇಕು.

ಕೇಂಬ್ರಿಜ್ ವಿಶ್ವವಿದ್ಯಾಲಯದ ಸಂಶೋಧಕರು 2025ರಲ್ಲಿ ಪ್ರಕಟಿಸಿದ ಅಂದಾಜಿನಂತೆ ಬಿಟ್‌ಕಾಯಿನ್ ಒಂದೇ ವರ್ಷಕ್ಕೆ ಸುಮಾರು 13,800 ಕೋಟಿ ಯೂನಿಟ್ ವಿದ್ಯುತ್ತನ್ನು ಬಳಸುತ್ತದೆ. ಶರಾವತಿ ವಿದ್ಯುದಾಗಾರದ ಸಾಮರ್ಥ್ಯ 1,035 ಮೆಗಾವ್ಯಾಟ್. ಅದರ ಹತ್ತೂ ಯಂತ್ರಗಳು ವರ್ಷದ ಎಲ್ಲ ದಿನ, ಎಲ್ಲ ಗಂಟೆ ಬಿಡುವಿಲ್ಲದೆ ತಿರುಗಿದವೆಂದು ಇಟ್ಟುಕೊಂಡರೂ (ಅವು ಎಂದೂ ಹಾಗೆ ತಿರುಗುವುದಿಲ್ಲ) ಹುಟ್ಟುವುದು ಸುಮಾರು 900 ಕೋಟಿ ಯೂನಿಟ್. ಅಂಥ ಹದಿನೈದು ಶರಾವತಿಗಳು ಈ ಊಹೆಯ ಆಟಕ್ಕೆ ಬೇಕು. ಈ ವಿದ್ಯುತ್ತಿನಲ್ಲಿ ಅರ್ಧದಷ್ಟು ಜಲ, ಗಾಳಿ, ಬಿಸಿಲು ಹಾಗೂ ಅಣುಶಕ್ತಿಯಿಂದ ಬರುತ್ತದೆ ಎಂಬ ಸಂಗತಿಯೂ ಅದೇ ವರದಿಯಲ್ಲಿದೆ, ಮತ್ತು ನಾಣ್ಯದ ಪ್ರತಿಪಾದಕರು ಅದನ್ನು ಹೆಮ್ಮೆಯಿಂದ ಉದ್ಧರಿಸುತ್ತಾರೆ. ಜಲವಿದ್ಯುತ್ತು ಎಷ್ಟು ಶುದ್ಧವೆಂಬುದನ್ನು 1964ರಲ್ಲಿ ಪೂರ್ಣಗೊಂಡ ಲಿಂಗನಮಕ್ಕಿಯ ಹಿನ್ನೀರಿನಲ್ಲಿ ಮನೆ, ಗದ್ದೆ, ದೇವರಬನಗಳನ್ನು ಬಿಟ್ಟು ಎದ್ದುಬಂದ ಕುಟುಂಬಗಳ ಮೂರನೆಯ ತಲೆಮಾರನ್ನು ಕೇಳಬೇಕು.

ಈಗ ನಿಷೇಧದ ಪ್ರಶ್ನೆ. ಭಾರತದಲ್ಲಿ ಈ ಪ್ರಯತ್ನ ಒಂದಕ್ಕಿಂತ ಹೆಚ್ಚು ಸಲ ನಡೆದಿದೆ. 2018ರ ಏಪ್ರಿಲ್ 6ರಂದು ರಿಸರ್ವ್ ಬ್ಯಾಂಕು ಸುತ್ತೋಲೆ ಹೊರಡಿಸಿ, ತನ್ನ ಅಧೀನದ ಯಾವ ಬ್ಯಾಂಕೂ ಕ್ರಿಪ್ಟೋ ವ್ಯವಹಾರಸ್ಥರಿಗೆ ಸೇವೆ ನೀಡಕೂಡದೆಂದಿತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಬೆಂಗಳೂರಿನ ವ್ಯಾಪಾರ ಸಂಕೀರ್ಣವೊಂದರಲ್ಲಿ ಬಿಟ್‌ಕಾಯಿನ್ ಎ.ಟಿ.ಎಂ. ಯಂತ್ರ ಕಾಣಿಸಿಕೊಂಡಾಗ ಪೊಲೀಸರು ಯಂತ್ರವನ್ನು ಹೊತ್ತೊಯ್ದು ಇಟ್ಟವರನ್ನು ಬಂಧಿಸಿದರು. 2019ರಲ್ಲಿ ಸುಭಾಷ್ ಚಂದ್ರ ಗರ್ಗ್ ಅವರ ಅಧ್ಯಕ್ಷತೆಯ ಸಮಿತಿ ಸಂಪೂರ್ಣ ನಿಷೇಧವನ್ನು ಶಿಫಾರಸು ಮಾಡಿತು. ಅದು ಸಿದ್ಧಪಡಿಸಿದ ಕರಡು ಮಸೂದೆಯಲ್ಲಿ ಹತ್ತು ವರ್ಷದವರೆಗಿನ ಸೆರೆವಾಸದ ಪ್ರಸ್ತಾಪವಿತ್ತು. 2020ರ ಮಾರ್ಚ್ 4ರಂದು ಸರ್ವೋಚ್ಚ ನ್ಯಾಯಾಲಯ ರಿಸರ್ವ್ ಬ್ಯಾಂಕಿನ ಸುತ್ತೋಲೆಯನ್ನು ರದ್ದುಪಡಿಸಿತು. ಕ್ರಮ ಕೈಗೊಳ್ಳುವ ಅಧಿಕಾರ ರಿಸರ್ವ್ ಬ್ಯಾಂಕಿಗೆ ಇದೆಯೆಂದು ಒಪ್ಪಿದ ನ್ಯಾಯಾಲಯ, ತನ್ನ ಅಧೀನದ ಸಂಸ್ಥೆಗಳಿಗೆ ಆದ ಹಾನಿಯನ್ನು ಬ್ಯಾಂಕು ತೋರಿಸದಿರುವಾಗ ಈ ಕ್ರಮ ಅಳತೆ ಮೀರಿದ್ದು ಎಂದಿತು. 2021ರ ಚಳಿಗಾಲದ ಅಧಿವೇಶನದ ಪಟ್ಟಿಯಲ್ಲಿ ಮಸೂದೆಯ ಹೆಸರು ಕಾಣಿಸಿತು, ಮಸೂದೆ ಮಂಡನೆಯಾಗಲಿಲ್ಲ. 2022ರ ಏಪ್ರಿಲ್ 1ರಿಂದ ಲಾಭದ ಮೇಲೆ ಶೇ. 30 ತೆರಿಗೆ, ಅದೇ ವರ್ಷದ ಜುಲೈಯಿಂದ ಪ್ರತಿ ವರ್ಗಾವಣೆಯ ಮೇಲೆ ಶೇ. 1 ಕಡಿತ ಜಾರಿಗೆ ಬಂದವು. 2023ರ ಮಾರ್ಚ್‌ನಲ್ಲಿ ಕ್ರಿಪ್ಟೋ ವಿನಿಮಯ ಸಂಸ್ಥೆಗಳನ್ನು ಅಕ್ರಮ ಹಣ ವರ್ಗಾವಣೆ ತಡೆ ಕಾನೂನಿನ ವ್ಯಾಪ್ತಿಗೆ ತರಲಾಯಿತು.

ಹೀಗೆ ದೆಹಲಿಯ ದೃಷ್ಟಿಯಲ್ಲಿ ಕ್ರಿಪ್ಟೋ ಎಂದರೆ ಎರಡೇ: ಒಂದು ತೆರಿಗೆ, ಇನ್ನೊಂದು ಕಪ್ಪುಹಣ. ಕೊಂಡವನ ರಕ್ಷಣೆಗೆ ಸಮಗ್ರ ಕಾನೂನಿಲ್ಲ. 2024ರ ಜುಲೈಯಲ್ಲಿ ದೇಶದ ದೊಡ್ಡ ವಿನಿಮಯ ಸಂಸ್ಥೆಯೊಂದರಿಂದ ಸುಮಾರು 23 ಕೋಟಿ ಡಾಲರ್ ಮೌಲ್ಯದ ನಾಣ್ಯಗಳು ಕಳುವಾದಾಗ ಲಕ್ಷಾಂತರ ಜನರ ಹಣ ತಿಂಗಳುಗಟ್ಟಲೆ ಸಿಕ್ಕಿಬಿದ್ದಿತು. ಶೇರುಪೇಟೆಯಲ್ಲಿ ಮೋಸವಾದರೆ ಸೆಬಿ ಇದೆ, ಬ್ಯಾಂಕಿನಲ್ಲಿ ತೊಂದರೆಯಾದರೆ ಲೋಕಪಾಲರಿದ್ದಾರೆ. ಇಲ್ಲಿ ದೂರು ಹೊತ್ತು ಹೋಗಲು ಅಂಥ ಬಾಗಿಲೇ ಇರಲಿಲ್ಲ. ಒಂದು ನಾಣ್ಯದಲ್ಲಿ ಆದ ನಷ್ಟವನ್ನು ಇನ್ನೊಂದರ ಲಾಭದಲ್ಲಿ ಕಳೆಯಲೂ ತೆರಿಗೆ ಕಾನೂನು ಬಿಡುವುದಿಲ್ಲ. ಸರ್ಕಾರ ಲಾಭದಲ್ಲಿ ಪಾಲುದಾರ, ನಷ್ಟದಲ್ಲಿ ಅಪರಿಚಿತ. ಹಾಸ್ಟೆಲಿನ ಕೋಣೆಯಲ್ಲಿ ಮೊಬೈಲು ಹಿಡಿದು ಫೀಸಿನ ಹಣವನ್ನು ಇದರಲ್ಲಿ ಹೂಡಲು ಹೊರಟ ವಿದ್ಯಾರ್ಥಿಗಳು ಇಷ್ಟನ್ನಾದರೂ ತಿಳಿದಿರಬೇಕು.

ಹಾಗಾದರೆ ಸಂಪೂರ್ಣ ನಿಷೇಧವೇ ಮೇಲಲ್ಲವೇ? ಕರ್ನಾಟಕ 2007ರಲ್ಲಿ ಲಾಟರಿಯನ್ನೂ ಸಾರಾಯಿಯನ್ನೂ ನಿಷೇಧಿಸಿತು. ಬಡವರ ದಿನಗೂಲಿಯನ್ನು ನುಂಗುತ್ತಿದ್ದ ಅಂಕಿ ಲಾಟರಿಯ ಅಂಗಡಿಗಳು ಬೀದಿಯಿಂದ ಕಣ್ಮರೆಯಾದವು; ಆ ಲಾಭ ಸಣ್ಣದಲ್ಲ. ಆದರೂ ಗಡಿ ದಾಟಿ ಕೇರಳದ ಟಿಕೇಟು ಕೊಳ್ಳುವವರು ಇಂದಿಗೂ ಇದ್ದಾರೆ. ಅಂಗಡಿ ಇರುವ ವ್ಯಾಪಾರವನ್ನು ಮುಚ್ಚಿಸಬಹುದು. ಕ್ರಿಪ್ಟೋ ನಾಣ್ಯದ ಒಡೆತನವೆಂದರೆ ಒಂದು ಉದ್ದನೆಯ ರಹಸ್ಯ ಸಂಖ್ಯೆ. ಅದನ್ನು ಕಾಗದದ ಚೂರಿನಲ್ಲಿ ಬರೆದು ಅಕ್ಕಿ ಡಬ್ಬಿಯಲ್ಲಿಟ್ಟರೂ ನಡೆಯುತ್ತದೆ. ಕಿರ್ದಿಯ ಪ್ರತಿಗಳು ಹಲವಾರು ದೇಶಗಳಲ್ಲಿ ಇರುವಾಗ ಒಂದು ದೇಶದ ಕಾನೂನು ಅದನ್ನು ಅಳಿಸಲಾರದು. ಆದರೆ ಈ ಅದೃಶ್ಯ ವ್ಯವಹಾರ ಎರಡು ಜಾಗಗಳಲ್ಲಿ ನೆಲವನ್ನು ಮುಟ್ಟಲೇಬೇಕು. ನಾಣ್ಯ ರೂಪಾಯಿಯಾಗಬೇಕಾದಲ್ಲಿ ಬ್ಯಾಂಕು ಬೇಕು. ನಾಣ್ಯ ಹುಟ್ಟಬೇಕಾದಲ್ಲಿ ಯಂತ್ರಗಳ ಕೊಟ್ಟಿಗೆ, ಟ್ರಾನ್ಸ್‌ಫಾರ್ಮರು, ವಿದ್ಯುತ್ ಸಂಪರ್ಕ ಬೇಕು. ಮೊದಲನೆಯ ಜಾಗದ ಮೇಲೆ ಎಲ್ಲರ ಕಣ್ಣಿದೆ. ಎರಡನೆಯದು ಪರಿಸರ ಚಳವಳಿಯ ಜಾಗ.

ಚೀನಾದ ಅನುಭವ ಇಲ್ಲಿ ಪಾಠವಾಗಬಲ್ಲದು. ಒಂದು ಕಾಲಕ್ಕೆ ಜಗತ್ತಿನ ಬಿಟ್‌ಕಾಯಿನ್ ಗಣಿಗಾರಿಕೆಯ ಮೂರರಲ್ಲಿ ಎರಡು ಪಾಲು ಆ ದೇಶದಲ್ಲಿತ್ತು. ಯಂತ್ರಗಳು ಋತುಮಾನಕ್ಕೆ ತಕ್ಕಂತೆ ವಲಸೆ ಹೋಗುತ್ತಿದ್ದವು, ಕುರಿಗಾಹಿಗಳು ಮೇವನ್ನು ಅರಸಿ ಹೋಗುವಂತೆ. ಮಳೆಗಾಲದಲ್ಲಿ ಸಿಚುವಾನ್ ಪ್ರಾಂತದ ಬೆಟ್ಟದ ನದಿಗಳ ಬಳಿ. ಮಳೆ ನಿಂತೊಡನೆ ಷಿನ್‌ಜಿಯಾಂಗ್ ಮತ್ತು ಒಳ ಮಂಗೋಲಿಯಾದ ಕಲ್ಲಿದ್ದಲ ಸ್ಥಾವರಗಳ ಬಳಿ. ಸಿಚುವಾನ್‌ನಲ್ಲಿ ಮಳೆಗಾಲದ ವಿದ್ಯುತ್ತು ಅಷ್ಟು ಅಗ್ಗವಾಗಿದ್ದೇಕೆ? ಸಾಗಿಸುವ ತಂತಿಗಳ ಸಾಮರ್ಥ್ಯವನ್ನು ಮೀರಿ ಅಲ್ಲಿ ಅಣೆಕಟ್ಟುಗಳನ್ನು ಕಟ್ಟಲಾಗಿತ್ತು. ಹೀಗೆ ಉಳಿದ ವಿದ್ಯುತ್ತಿಗೆ ಹೆಚ್ಚುವರಿ ಎಂಬ ಹೆಸರು ಬಂತು, ಹೆಚ್ಚುವರಿಯನ್ನು ತಿನ್ನಲು ಯಂತ್ರಗಳು ಬಂದವು. 2021ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ ಗಣಿಗಾರಿಕೆಯ ವಿರುದ್ಧ ತಿರುಗಿತು. ಜೂನ್‌ನಲ್ಲಿ ಸಿಚುವಾನ್ ಕೂಡ ಸಂಪರ್ಕಗಳನ್ನು ಕಡಿಯಿತು. ಸೆಪ್ಟೆಂಬರ್ 24ರಂದು ಎಲ್ಲ ಕ್ರಿಪ್ಟೋ ವಹಿವಾಟು ಕಾನೂನುಬಾಹಿರವೆಂದು ಸಾರಲಾಯಿತು. ಮರುವರ್ಷ, 2022ರ ಆಗಸ್ಟ್‌ನಲ್ಲಿ, ಅದೇ ಸಿಚುವಾನ್ ಭೀಕರ ಬರಕ್ಕೆ ತುತ್ತಾಗಿ ಜಲವಿದ್ಯುತ್ ಉತ್ಪಾದನೆ ಅರ್ಧಕ್ಕೆ ಕುಸಿಯಿತು, ಕಾರ್ಖಾನೆಗಳನ್ನು ಮುಚ್ಚಬೇಕಾಯಿತು. ಹಿಂದಿನ ಮಳೆಗಾಲಗಳಲ್ಲಿ ಲೆಕ್ಕಕ್ಕೆ ಸಿಗದಷ್ಟಿದ್ದ ಹೆಚ್ಚುವರಿ ಒಂದೇ ಬೇಸಗೆಯಲ್ಲಿ ಆವಿಯಾಗಿತ್ತು. ಕರ್ನಾಟಕದಲ್ಲಿಯೂ 2023ರಲ್ಲಿ ಮುಂಗಾರು ಕೈಕೊಟ್ಟಾಗ ಕೃಷಿ ಪಂಪ್‌ಸೆಟ್ಟುಗಳಿಗೆ ವಿದ್ಯುತ್ ನೀಡುವ ಗಂಟೆಗಳನ್ನು ಇಳಿಸಲಾಗಿತ್ತೆಂಬುದು ರೈತರಿಗೆ ಮರೆತಿರಲಾರದು.

ಚೀನಾದ ನಿಷೇಧ ಎಷ್ಟು ಫಲಿಸಿತು? ಕೇಂಬ್ರಿಜ್ ಅಂಕಿಅಂಶಗಳಂತೆ ಕೆಲವು ತಿಂಗಳಲ್ಲೇ ಶೇ. 20ರಷ್ಟು ಗಣಿಗಾರಿಕೆ ಅಲ್ಲಿ ಮತ್ತೆ ಗುಟ್ಟಾಗಿ ತಲೆಯೆತ್ತಿತು. ಉಳಿದ ಯಂತ್ರಗಳಲ್ಲಿ ಹಲವು ಕಜಕಸ್ತಾನಕ್ಕೆ ಹೋದವು. ಆ ಚಳಿಗಾಲದಲ್ಲಿ ಅಲ್ಲಿ ವಿದ್ಯುತ್ ಅಭಾವ ತಲೆದೋರಿತು. ಇನ್ನು ಕೆಲವು ಅಮೆರಿಕಕ್ಕೆ ಹೋದವು. ಒಂದೂರಿನಿಂದ ಅಟ್ಟಿದ ಆನೆ ಪಕ್ಕದೂರಿನ ತೋಟಕ್ಕೆ ನುಗ್ಗಿದ ಹಾಗೆ.

ಹಿಮಾಲಯದ ಎರಡು ದೇಶಗಳು ಈ ವಿಷಯದಲ್ಲಿ ವಿರುದ್ಧ ದಿಕ್ಕು ಹಿಡಿದಿವೆ. ನೇಪಾಳದ ಕೇಂದ್ರ ಬ್ಯಾಂಕು 2017ರಲ್ಲಿಯೇ ಬಿಟ್‌ಕಾಯಿನ್ ಕಾನೂನುಬಾಹಿರವೆಂದಿತು. ಭೂತಾನದಲ್ಲಿ ಸರ್ಕಾರಿ ಒಡೆತನದ ಡ್ರುಕ್ ಹೋಲ್ಡಿಂಗ್ ಸಂಸ್ಥೆಯೇ ಜಲವಿದ್ಯುತ್ತಿನಿಂದ ಗಣಿಗಾರಿಕೆ ನಡೆಸುತ್ತಿರುವುದು 2023ರಲ್ಲಿ ಬಹಿರಂಗವಾಯಿತು. 2024ರಲ್ಲಿ ಅದರ ಬಳಿ 12 ಸಾವಿರಕ್ಕೂ ಹೆಚ್ಚು ಬಿಟ್‌ಕಾಯಿನ್‌ಗಳಿದ್ದವು. ಶೇ. 60 ಭೂಭಾಗ ಸದಾ ಅರಣ್ಯವಾಗಿರಬೇಕೆಂದು ಸಂವಿಧಾನದಲ್ಲೇ ಬರೆದುಕೊಂಡ ದೇಶವದು. ಅದನ್ನು ಹಗುರಾಗಿ ದೂಷಿಸುವುದು ನ್ಯಾಯವಲ್ಲ. ಸರ್ಕಾರವೇ ಒಡೆಯನಾದ್ದರಿಂದ ಲಾಭ ಬೊಕ್ಕಸಕ್ಕೆ ಸೇರುತ್ತದೆ ಎಂಬುದೂ ನಿಜ. ಆದರೆ ಭೂತಾನದ ನದಿಗಳು ಮಳೆಗಾಲದಲ್ಲಿ ಉಕ್ಕಿ ಚಳಿಗಾಲದಲ್ಲಿ ಬಡಕಲಾಗುತ್ತವೆ. ಭಾರತದ ನೆರವಿನಿಂದ ಕಟ್ಟಿದ ಚುಖಾ, ತಾಲಾ ಯೋಜನೆಗಳ ವಿದ್ಯುತ್ತನ್ನು ಮಳೆಗಾಲದಲ್ಲಿ ಭಾರತಕ್ಕೆ ಮಾರುವ ಆ ದೇಶ ಇತ್ತೀಚಿನ ವರ್ಷಗಳ ಚಳಿಗಾಲದಲ್ಲಿ ಭಾರತದಿಂದಲೇ ವಿದ್ಯುತ್ತನ್ನು ಕೊಳ್ಳುತ್ತಿದೆ. ಹಾಗೆ ಕೊಂಡದ್ದರಲ್ಲಿ ಬಹುಪಾಲು ಕಲ್ಲಿದ್ದಲಿನದು. ಹಿಮಾಚಲ, ಸಿಕ್ಕಿಂ, ಅರುಣಾಚಲಗಳಲ್ಲಿ ಅಣೆಕಟ್ಟುಗಳಿಗೆ ಸಮರ್ಥನೆ ಹುಡುಕುತ್ತಿರುವವರ ಕಣ್ಣು ಈ ಮಾದರಿಯ ಮೇಲೆ ಬೀಳದಿರಲಾರದು. ಪಾಕಿಸ್ತಾನ 2025ರ ಮೇ ತಿಂಗಳಲ್ಲಿ 2,000 ಮೆಗಾವ್ಯಾಟನ್ನು ಬಿಟ್‌ಕಾಯಿನ್ ಗಣಿಗಾರಿಕೆ ಮತ್ತು ಕೃತಕ ಬುದ್ಧಿಮತ್ತೆಯ ಕೇಂದ್ರಗಳಿಗೆ ಮೀಸಲಿಡುವುದಾಗಿ ಪ್ರಕಟಿಸಿದಾಗ ಹೇಳಿದ ಕಾರಣವೂ ಹೆಚ್ಚುವರಿ ವಿದ್ಯುತ್ತೇ.

ಇನ್ನೊಂದು ದಾರಿಯನ್ನು ಕೆನಡಾ ತೋರಿಸಿದೆ. ಅಲ್ಲಿನ ಬ್ರಿಟಿಷ್ ಕೊಲಂಬಿಯಾ ಪ್ರಾಂತವೂ ಬೆಟ್ಟ, ಕಾಡು, ಜಲವಿದ್ಯುತ್ತುಗಳ ಸೀಮೆ. 2022ರ ಡಿಸೆಂಬರ್ ವೇಳೆಗೆ 21 ಕ್ರಿಪ್ಟೋ ಯೋಜನೆಗಳು ಒಟ್ಟು 1,403 ಮೆಗಾವ್ಯಾಟ್ ಕೇಳಿ ಸರದಿಯಲ್ಲಿ ನಿಂತಿದ್ದವು. ಶರಾವತಿಗಿಂತ ಮೂರನೇ ಒಂದು ಪಾಲು ಹೆಚ್ಚು. ಸರ್ಕಾರ ಹೊಸ ಸಂಪರ್ಕಗಳನ್ನು 18 ತಿಂಗಳು ತಡೆಹಿಡಿಯಿತು. ಕಂಪನಿಯೊಂದು ನ್ಯಾಯಾಲಯಕ್ಕೆ ಹೋಯಿತು, 2024ರಲ್ಲಿ ಸೋತಿತು. 2025ರ ಅಕ್ಟೋಬರ್‌ನಲ್ಲಿ ಹೊಸ ಸಂಪರ್ಕಗಳನ್ನು ಶಾಶ್ವತವಾಗಿ ನಿಲ್ಲಿಸುವ ನಿರ್ಧಾರವನ್ನು ಪ್ರಾಂತ ಪ್ರಕಟಿಸಿತು. ಕ್ವಿಬೆಕ್ ಪ್ರಾಂತವಂತೂ 2018ರಲ್ಲೇ ಇಂಥ ಗ್ರಾಹಕರನ್ನು ಪ್ರತ್ಯೇಕ ವರ್ಗವಾಗಿಸಿ ಅವರಿಗೆ ಕೊಡುವ ವಿದ್ಯುತ್ತಿಗೆ ಮಿತಿ ಹಾಕಲು ಹೊರಟಿತ್ತು. ನ್ಯೂಯಾರ್ಕ್ ರಾಜ್ಯ 2022ರ ನವೆಂಬರ್‌ನಲ್ಲಿ ಕಲ್ಲಿದ್ದಲು, ಅನಿಲಗಳನ್ನು ಉರಿಸುವ ಸ್ಥಾವರಗಳಲ್ಲಿ ಹೊಸ ಗಣಿಗಾರಿಕೆಯನ್ನು ಎರಡು ವರ್ಷ ತಡೆಯಿತು. ಅದರ ಹಿಂದೆ ಸೆನೆಕಾ ಸರೋವರದ ದಂಡೆಯ ನಿವಾಸಿಗಳ ಹೋರಾಟವಿತ್ತು. ಈ ಯಾವ ಸರ್ಕಾರವೂ ನಾಣ್ಯವನ್ನು ಮುಟ್ಟಲಿಲ್ಲ, ಯಾರ ಉಳಿತಾಯವನ್ನೂ ಅಪರಾಧವೆಂದು ಕರೆಯಲಿಲ್ಲ. ತಂತಿಯನ್ನು ಹಿಡಿದವು, ಅಷ್ಟೇ.

ಯಂತ್ರಗಳು ಇನ್ನೊಂದು ಊರಿಗೆ ಹೋಗುತ್ತವಲ್ಲ ಎಂಬ ಆಕ್ಷೇಪಕ್ಕೆ ಉತ್ತರ ಇನ್ನೊಂದು ಕಡೆಯಿಂದ ಬರಬೇಕು. ಬಿಟ್‌ಕಾಯಿನ್ನಿನ ನಂತರದ ಅತಿದೊಡ್ಡ ನಾಣ್ಯವಾದ ಈಥರ್‌ನ ಜಾಲ, ಇಥೀರಿಯಮ್, 2022ರ ಸೆಪ್ಟೆಂಬರ್ 15ರಂದು ಊಹೆಯ ಸ್ಪರ್ಧೆಯನ್ನೇ ಕೈಬಿಟ್ಟಿತು. ಪುಟ ಬರೆಯುವವರು ತಮ್ಮ ನಾಣ್ಯಗಳನ್ನು ಒತ್ತೆಯಿಟ್ಟು, ಮೋಸ ಮಾಡಿದರೆ ಒತ್ತೆ ಕಳೆದುಕೊಳ್ಳುವ ಪದ್ಧತಿಗೆ ಬದಲಾಯಿತು. ಅದರ ವಿದ್ಯುತ್ ಬಳಕೆ ಶೇ. 99ಕ್ಕಿಂತಲೂ ಹೆಚ್ಚು ಇಳಿಯಿತು, ನಾಣ್ಯದ ವ್ಯವಹಾರ ನಿಲ್ಲಲಿಲ್ಲ. ಇಷ್ಟು ವಿದ್ಯುತ್ತಿಲ್ಲದೆ ಇಂಥ ನಾಣ್ಯ ನಡೆಯಲಾರದೆಂಬ ವಾದ ಅಂದಿಗೆ ಮುಗಿಯಿತು. ಒತ್ತೆಯ ಪದ್ಧತಿಯಲ್ಲಿ ಇದ್ದವರ ಕೈಯೇ ಮೇಲಾಗುತ್ತದೆ ಎಂಬ ದೂರಿನಲ್ಲಿ ಹುರುಳಿದೆ. ಆದರೆ ಸಾವಿರಾರು ಯಂತ್ರಗಳನ್ನು ಕೊಳ್ಳಬಲ್ಲವರ ಕೈಯಲ್ಲಿರುವ ಗಣಿಗಾರಿಕೆಯಲ್ಲಿ ಬಡವನ ಕೈ ಎಂದು ಮೇಲಿತ್ತು? ಐರೋಪ್ಯ ಸಂಸತ್ತಿನ ಸಮಿತಿಯಲ್ಲಿ 2022ರ ಮಾರ್ಚ್‌ನಲ್ಲಿ ವಿದ್ಯುತ್ ನುಂಗುವ ಪದ್ಧತಿಯ ನಾಣ್ಯಗಳನ್ನು ಹೊರಗಿಡುವ ಸೂಚನೆ ಮತಕ್ಕೆ ಬಂದು ಸೋತಿತು. ಅಮೆರಿಕವಂತೂ 2025ರ ಮಾರ್ಚ್‌ನಲ್ಲಿ ಬಿಟ್‌ಕಾಯಿನ್‌ಗಳ ಸರ್ಕಾರಿ ಭಂಡಾರವನ್ನೇ ಘೋಷಿಸಿತು. ಜಗತ್ತಿನ ಮಟ್ಟದಲ್ಲಿ ನಿಷೇಧ ಬಂದೀತೆಂದು ಕಾಯುವುದು ವ್ಯರ್ಥ.

ಭಾರತದಲ್ಲಿ ಈ ಗಣಿಗಾರಿಕೆ ಇನ್ನೂ ದೊಡ್ಡದಾಗಿ ಬೇರೂರಿಲ್ಲ. ವಾಣಿಜ್ಯ ಬಳಕೆಯ ವಿದ್ಯುತ್ ದರ ಹೆಚ್ಚು, ಯಂತ್ರಗಳನ್ನು ತಂಪಾಗಿಡುವ ಖರ್ಚು ಹೆಚ್ಚು, ಯಂತ್ರಗಳ ಮೇಲಿನ ವೆಚ್ಚವನ್ನು ಆದಾಯದಿಂದ ಕಳೆಯಲು ತೆರಿಗೆ ಕಾನೂನು ಬಿಡುವುದಿಲ್ಲ. ನಿಯಮ ಮಾಡಲು ಇದೇ ಸಕಾಲ. ಬಂಡವಾಳ ಬಂದು ಕುಳಿತ ಮೇಲೆ ಎಬ್ಬಿಸುವುದು ಎಷ್ಟು ಕಷ್ಟವೆಂಬುದು ಕುದುರೆಮುಖದಲ್ಲಿ ಕಂಡದ್ದೇ ಇದೆ. ಕೇಂದ್ರ ಸರ್ಕಾರ ಎಲ್ಲ ನಾಣ್ಯಗಳ ಮೇಲೂ ಒಂದೇ ಶೇ. 30 ಹೇರುವುದರ ಬದಲು, ಊಹೆಯ ಸ್ಪರ್ಧೆಯಿಂದ ಹುಟ್ಟುವ ನಾಣ್ಯಕ್ಕೂ ಉಳಿದವಕ್ಕೂ ಭೇದ ಮಾಡಬೇಕು. ವಿನಿಮಯ ಸಂಸ್ಥೆಗಳಿಗೆ ಪರವಾನಗಿ, ಗ್ರಾಹಕರ ಹಣದ ಪ್ರತ್ಯೇಕ ಲೆಕ್ಕ, ದೂರು ಕೇಳುವ ಅಧಿಕಾರಿ ಬೇಕು. ವಿದ್ಯುತ್ತಿನ ವಿಷಯಕ್ಕೆ ದೆಹಲಿಯವರೆಗೆ ಹೋಗಬೇಕಾಗಿಲ್ಲ. ಗ್ರಾಹಕರ ವರ್ಗಗಳನ್ನೂ ದರಗಳನ್ನೂ ನಿಗದಿಪಡಿಸುವುದು ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ. ಕ್ರಿಪ್ಟೋ ಗಣಿಗಾರಿಕೆಯನ್ನು ಮಾಹಿತಿ ತಂತ್ರಜ್ಞಾನ ಉದ್ಯಮದ ನೆರಳಿನಲ್ಲಿ ನುಸುಳಲು ಬಿಡದೆ ಪ್ರತ್ಯೇಕ ವರ್ಗವಾಗಿ ಹೆಸರಿಸುವುದು, ಅದಕ್ಕೆ ಯಾವುದೇ ರಿಯಾಯಿತಿ ಇಲ್ಲವೆಂದು ಬರೆಯುವುದು, ಅಭಾವದ ದಿನಗಳಲ್ಲಿ ಪಂಪ್‌ಸೆಟ್ಟಿಗಿಂತ ಮೊದಲು ಅದರ ಸಂಪರ್ಕ ಕಡಿಯಬೇಕೆಂದು ವಿಧಿಸುವುದು ಆಯೋಗದ ಮುಂದೆ ಇಡಬಹುದಾದ ಬೇಡಿಕೆಗಳು. ಮೆಸ್ಕಾಂ, ಹೆಸ್ಕಾಂಗಳು ದರ ಪರಿಷ್ಕರಣೆಗೆ ಅರ್ಜಿ ಹಾಕಿದಾಗ ಆಯೋಗ ಸಾರ್ವಜನಿಕ ವಿಚಾರಣೆ ನಡೆಸುತ್ತದೆ. ಲಿಖಿತ ಆಕ್ಷೇಪಣೆ ಸಲ್ಲಿಸುವ ಹಕ್ಕು ಪ್ರತಿಯೊಬ್ಬ ಗ್ರಾಹಕನಿಗೂ ಇದೆ. ಅಲ್ಲಿಗೆ ಉದ್ದಿಮೆಗಳ ಪ್ರತಿನಿಧಿಗಳು ತಪ್ಪದೆ ಬರುತ್ತಾರೆ. ಗ್ರಾಮ ಪಂಚಾಯಿತಿಗಳಿಂದ, ಕಾಲೇಜುಗಳಿಂದ ಬರುವವರು ಬೆರಳೆಣಿಕೆಯಷ್ಟು. ಮುಂದಿನ ವಿಚಾರಣೆಯ ಪ್ರಕಟಣೆ ಪತ್ರಿಕೆಗಳಲ್ಲಿ ಬಂದಾಗ ತಾಲೂಕಿಗೆ ಒಂದು ಆಕ್ಷೇಪಣೆಯಾದರೂ ಈ ವಿಷಯದ ಮೇಲೆ ಹೋಗುವಂತೆ ಈಗಿನಿಂದಲೇ ಬರೆದಿಟ್ಟುಕೊಳ್ಳಬಹುದು.